ನೀರು ಒಳಗೆ ಬಾರದ ಅಂಗಿ: ಅಗಸ್ಟಸ್ ಸೀಬ್ ಅವರ ಜೀವನ

ನಮ್ಮ ಮನೆಯ ಮಾತು ಉರ್ದು. ಅಬ್ಬಾ ಬೆಳಗಾವಿಯಲ್ಲಿ ಟೇಲರ್. ಮದುವೆ ಸೀಜನ್ ಬಂದರೆ ಶೇರ್ವಾನಿ, ಕೋಟು. ಜೂನ್ ಬಂದರೆ ಶಾಲೆಯ ಸಮವಸ್ತ್ರ. ಕಾಲೇಜು ಬಿಟ್ಟ ಮೇಲೆ ಸಂಜೆ ಅಂಗಡಿಯ ಅಳತೆ ಪುಸ್ತಕ ಬರೆಯುವ ಕೆಲಸ ನನ್ನದು. ಅಬ್ಬಾ ಟೇಪು ಹಿಡಿದು ಸಂಖ್ಯೆ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಹೀಗಾಗಿ ಎದೆ, ಸೊಂಟ, ಭುಜ, ತೋಳು ಎಂಬ ಸಾಲು ನನಗೆ ಲೆಕ್ಕಶಾಸ್ತ್ರದ ಡೆಬಿಟ್ ಕ್ರೆಡಿಟ್‌ಗಿಂತ ಮೊದಲೇ ಬಾಯಿಪಾಠವಾಗಿತ್ತು.

ಈ ವರ್ಷದ ರಜೆಯಲ್ಲಿ ಖಾನಾಪುರದಿಂದ ಖಾಲಾ ಮತ್ತು ಅವರ ಹಿರಿಯ ಮಗ ನಮ್ಮ ಮನೆಗೆ ಬಂದರು. ಅವರನ್ನು ನಾನು ಭಾಯಿಜಾನ್ ಎಂದು ಕರೆಯುತ್ತೇನೆ. ಭಾಯಿಜಾನ್ ಐಟಿಐ ಮುಗಿಸಿ, ವೆಲ್ಡಿಂಗ್ ಕಲಿತು, ನಂತರ ನೀರಿನಡಿ ಕೆಲಸ ಮಾಡುವ ತರಬೇತಿ ಪಡೆದವರು. ನಾಲ್ಕು ವರ್ಷ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಹಡಗಿನ ತಳ ತಿಕ್ಕುವುದು, ಕಂಬಗಳಿಗೆ ಬೆಸುಗೆ ಹಾಕುವುದು ಮುಂತಾದ ಕೆಲಸ ಮಾಡಿದ್ದಾರೆ. ಈಗ ಅವರಿಗೆ ನಾರ್ವೆ ದೇಶದಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಸಮುದ್ರದಲ್ಲಿ ದೊಡ್ಡ ಬಲೆಗಳನ್ನು ಕಟ್ಟಿ ಮೀನು ಸಾಕುತ್ತಾರಂತೆ. ಆ ಬಲೆಗಳನ್ನು ನೀರಿನಡಿ ಹೋಗಿ ನೋಡಿ ಬರುವ ಕೆಲಸ. ಅಲ್ಲಿಯ ನೀರು ಚಳಿಗಾಲದಲ್ಲಿ 10 ಡಿಗ್ರಿಗಿಂತ ಬಹಳ ಕೆಳಗೆ ಇರುತ್ತದೆ. ಆದ್ದರಿಂದ ಅವರಿಗೆ ಡ್ರೈ ಸೂಟ್ ಬೇಕು. ಅದು ಒಳಗೆ ಒಂದು ಹನಿ ನೀರನ್ನೂ ಬಿಡದ ಉಡುಪು. ಕಂಪನಿಯವರು ಅಳತೆಯ ಪಟ್ಟಿಯೊಂದನ್ನು ಕಳಿಸಿದ್ದರು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾಲುಗಳಿದ್ದವು. ಮೂವತ್ತು ವರ್ಷ ಟೇಪು ಹಿಡಿದ ಸೋದರಮಾವನಂಥ ಅಬ್ಬಾ ಇರುವಾಗ ಬೇರೆ ಯಾರ ಹತ್ತಿರ ಹೋಗಬೇಕು ಎಂದು ಖಾಲಾ ಅವರನ್ನು ಕರೆದುಕೊಂಡು ಬಂದಿದ್ದರು.

ಅಬ್ಬಾ ಅಳೆದರು, ನಾನು ಬರೆದೆ. ಕುತ್ತಿಗೆ, ಮಣಿಕಟ್ಟು, ಪಾದದ ಗಂಟು, ಕೊನೆಗೆ ಶೇರ್ವಾನಿಗೆ ಎಂದೂ ಬೇಕಾಗದ ಒಂದು ಅಳತೆ: ಭುಜದ ಮೇಲಿಂದ ಹೊರಟು, ಎರಡು ಕಾಲುಗಳ ನಡುವೆ ಹಾದು, ಬೆನ್ನ ಮೇಲಿಂದ ಮತ್ತೆ ಅದೇ ಭುಜಕ್ಕೆ ಬರುವ ಸುತ್ತಳತೆ. ಅಂದು ರಾತ್ರಿಯೇ ಪಟ್ಟಿಯನ್ನು ಮೊಬೈಲಿನಿಂದ ಕಳಿಸಿಬಿಟ್ಟೆವು.

ಖಾಲಾ ಮಾತ್ರ ಊಟ ಸರಿಯಾಗಿ ಮಾಡಲಿಲ್ಲ. ಅವರ ಮನೆ ಮಲಪ್ರಭಾ ನದಿಯಿಂದ ದೂರವಿಲ್ಲ. ಕಣಕುಂಬಿಯ ಬೆಟ್ಟದಲ್ಲಿ ಹುಟ್ಟುವ ಈ ನದಿ ಮಳೆಗಾಲದಲ್ಲಿ ಖಾನಾಪುರಕ್ಕೆ ಬರುವಾಗ ಕೆಂಪಗೆ ತುಂಬಿ ಹರಿಯುತ್ತದೆ. ನಾನು ಹನ್ನೆರಡು ವರ್ಷದವನಿದ್ದಾಗ ಒಮ್ಮೆ ಅಲ್ಲಿ ಯಾರೋ ಕೊಚ್ಚಿಹೋಗಿದ್ದರು. ಹುಡುಕಲು ಇಳಿದ ಮುಳುಗು ತಜ್ಞರೊಬ್ಬರು ಮೇಲೆ ಬಂದಾಗ ಅವರ ಹಲ್ಲು ಕಟಕಟ ಎನ್ನುತ್ತಿದ್ದವು. ಕುರಿ ಕಾಯುವ ಅಜ್ಜ ಒಬ್ಬರು ತಮ್ಮ ಕಂಬಳಿ ತೆಗೆದು ಅವರ ಮೈಮೇಲೆ ಹಾಕಿದರು. ಭಾಯಿಜಾನ್ ನನ್ನ ಪಕ್ಕದಲ್ಲೇ ನಿಂತಿದ್ದರು. ಈ ಕೆಲಸ ಕಲಿಯಬೇಕು ಎಂದು ಅವರಿಗೆ ಅನಿಸಿದ್ದು ಆವತ್ತೇ. ಮಗನಿಗೆ ಈ ಕೆಲಸ ಬೇಡ ಎಂದು ಖಾಲಾ ಅವರಿಗೆ ಅನಿಸಿದ್ದೂ ಆವತ್ತೇ.

ನೀರು ಒಳಗೆ ಬಾರದ ಇಂಥ ಅಂಗಿಯನ್ನು ಮೊದಲು ಮಾಡಿದವರು ಯಾರು ಎಂಬ ಪ್ರಶ್ನೆ ನನ್ನ ತಲೆ ಹೊಕ್ಕಿತು. ಕಾಲೇಜಿನ ಗ್ರಂಥಾಲಯದಲ್ಲೂ ಕಂಪ್ಯೂಟರ್ ಲ್ಯಾಬಿನಲ್ಲೂ ಹುಡುಕಿದೆ. ಸಿಕ್ಕ ಹೆಸರು ಅಗಸ್ಟಸ್ ಸೀಬ್. ಅವರ ಜೀವನವನ್ನು ಓದಿದ್ದರಿಂದ ನಾವು ಮಾಡಿದ ಒಂದು ತಪ್ಪು ಸಮಯಕ್ಕೆ ಸರಿಯಾಗಿ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಎರಕದ ಮನೆಯ ಹುಡುಗ

ಅಗಸ್ಟಸ್ ಸೀಬ್ ಹುಟ್ಟಿದ್ದು 1788ರಲ್ಲಿ, ಇಂದಿನ ಜರ್ಮನಿಯ ಸ್ಯಾಕ್ಸನಿ ಎಂಬ ಪ್ರಾಂತದಲ್ಲಿ. ಅದೇ ಕಾಲಕ್ಕೆ ನಮ್ಮ ಕಡೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಆಳ್ವಿಕೆ ನಡೆದಿತ್ತು ಎಂದರೆ ಎಷ್ಟು ಹಿಂದಿನ ಮಾತು ಎಂದು ಗೊತ್ತಾಗುತ್ತದೆ. ಅವರ ತಂದೆ ಕಂಚು ಎರಕ ಹೊಯ್ಯುವವರು. ಮಗ ಬರ್ಲಿನ್ ನಗರದಲ್ಲಿ ಬೆಳೆದು ಅದೇ ಕಸುಬು ಕಲಿತರು. ಲೋಹವನ್ನು ಕರಗಿಸುವುದು, ಅಚ್ಚಿಗೆ ಹೊಯ್ಯುವುದು, ಆಮೇಲೆ ಉಳಿಯಿಂದ ಸೂಕ್ಷ್ಮವಾಗಿ ಕೆತ್ತಿ ನಯ ಮಾಡುವುದು. ಎರಡು ಲೋಹದ ತುಂಡುಗಳ ನಡುವೆ ಕೂದಲೆಳೆಯ ಸಂದಿಯೂ ಉಳಿಯದಂತೆ ಕೂಡಿಸುವ ಕೈಚಳಕ ಅವರಿಗೆ ಚಿಕ್ಕಂದಿನಲ್ಲೇ ಬಂತು. ಮುಂದೆ ಅವರ ಹೆಸರು ಉಳಿಸಿದ್ದೂ ಇದೇ ವಿದ್ಯೆ.

ಅದು ನೆಪೋಲಿಯನ್‌ನ ಯುದ್ಧಗಳ ಕಾಲ. ಸೀಬ್ ಪ್ರಷ್ಯಾದ ಸೈನ್ಯ ಸೇರಿ ತೋಪಿನ ದಳದಲ್ಲಿ ಅಧಿಕಾರಿಯಾದರು. 1815ರ ವಾಟರ್ಲೂ ಯುದ್ಧದಲ್ಲಿಯೂ ಇದ್ದರು. ಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟು ಇಂಗ್ಲೆಂಡಿಗೆ ಹೋದರು. ಪರದೇಶ, ಬೇರೆ ಭಾಷೆ, ಕೈಯಲ್ಲಿ ಕಸುಬು ಮಾತ್ರ. ಲಂಡನ್ನಿನಲ್ಲಿ ಯಂತ್ರ ಮಾಡುವ ಅಂಗಡಿ ತೆರೆದರು. ಕೊನೆಗೆ ಸೋಹೋ ಭಾಗದ ಡೆನ್ಮಾರ್ಕ್ ರಸ್ತೆಯ 5ನೇ ನಂಬರಿನ ಮನೆಯಲ್ಲಿ ನೆಲೆಸಿದರು. ಕೆಳಗೆ ಕಾರ್ಖಾನೆ, ಅಲ್ಲೇ ವಾಸ.

ಅವರು ಒಂದೇ ವಸ್ತುವಿಗೆ ಕಟ್ಟುಬಿದ್ದವರಲ್ಲ. ನೀರೆತ್ತುವ ಪಂಪು, ಮುಳ್ಳಿನ ತೂಕದ ಯಂತ್ರ, ಬಂದೂಕು, ಕಾಗದ ತಯಾರಿಸುವ ಯಂತ್ರ, ಮುಂದೆ ಮಂಜುಗಡ್ಡೆ ಮಾಡುವ ಯಂತ್ರದವರೆಗೆ ಹಲವನ್ನು ಅವರ ಕಾರ್ಖಾನೆ ಮುಟ್ಟಿತು. ವ್ಯವಹಾರ ಅಧ್ಯಯನದ ದೃಷ್ಟಿಯಿಂದ ನೋಡಿದರೆ ಇದು ಬುದ್ಧಿವಂತಿಕೆ. ಒಂದು ವಸ್ತುವಿಗೆ ಗಿರಾಕಿ ಇಲ್ಲದಿದ್ದರೆ ಇನ್ನೊಂದಕ್ಕೆ ಇರುತ್ತಾನೆ.

ಹೊಗೆಯ ಟೊಪ್ಪಿಗೆ ನೀರಿಗಿಳಿದದ್ದು

ಮುಳುಗುವ ಉಡುಪಿನ ಕಥೆ ಶುರುವಾಗುವುದು ನೀರಿನಿಂದ ಅಲ್ಲ, ಬೆಂಕಿಯಿಂದ. ಚಾರ್ಲ್ಸ್ ಡೀನ್ ಎಂಬವರು 1823ರಲ್ಲಿ ಹೊಗೆ ತುಂಬಿದ ಕೋಣೆಯೊಳಗೆ ಹೋಗಲು ಅನುಕೂಲವಾಗುವ ತಾಮ್ರದ ಶಿರಸ್ತ್ರಾಣಕ್ಕೆ ಪೇಟೆಂಟ್ ಪಡೆದರು. ತಲೆಗೆ ಕೊಡದಂಥ ಟೊಪ್ಪಿಗೆ, ಹಿಂದೆ ತೊಗಲಿನ ಕೊಳವೆ, ಹೊರಗಿನಿಂದ ತಿದಿಯ ಗಾಳಿ. ಆದರೆ ಬೆಂಕಿ ನಂದಿಸುವವರು ಅದನ್ನು ಕೊಳ್ಳಲಿಲ್ಲ. ಆಗ ಚಾರ್ಲ್ಸ್ ಮತ್ತು ಅವರ ತಮ್ಮ ಜಾನ್ ಇಬ್ಬರೂ ಯೋಚಿಸಿದರು. ಹೊಗೆಯಲ್ಲಿ ಉಸಿರಾಡಲು ಬರುವುದಾದರೆ ನೀರಿನಲ್ಲಿ ಏಕೆ ಬರಬಾರದು? ಮುಳುಗಿದ ಹಡಗುಗಳಲ್ಲಿ ತೋಪು, ತಾಮ್ರ, ಸರಕು ಬಿದ್ದಿತ್ತು. ಅದನ್ನು ಎತ್ತಿದರೆ ಹಣ. ಶಿರಸ್ತ್ರಾಣವನ್ನು ನೀರಿಗೆ ಹೊಂದಿಸಿ ಮಾಡಿಕೊಡಲು ಒಳ್ಳೆಯ ಲೋಹದ ಕೆಲಸಗಾರ ಬೇಕಾಗಿತ್ತು. ಅವರು ಬಂದದ್ದು ಸೀಬ್ ಅವರ ಅಂಗಡಿಗೆ. 1830ರ ಹೊತ್ತಿಗೆ ಸೀಬ್ ಇಂಥ ಶಿರಸ್ತ್ರಾಣಗಳನ್ನು ಮಾಡತೊಡಗಿದ್ದರು.

ಆ ಮೊದಲ ಉಡುಪು ಹೇಗಿತ್ತು ಎಂದು ತಿಳಿಯಲು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಖಾಲಿ ಲೋಟವನ್ನು ಬೋರಲು ಹಿಡಿದು ನೇರವಾಗಿ ಬಕೆಟ್ಟಿನ ನೀರಿಗೆ ಒತ್ತಿ. ಒಳಗಿನ ಗಾಳಿ ಅಲ್ಲೇ ಇರುತ್ತದೆ, ನೀರು ಮೇಲೇರುವುದಿಲ್ಲ. ಡೀನ್ ಸಹೋದರರ ಉಡುಪು ಹೀಗೇ. ಶಿರಸ್ತ್ರಾಣದ ಕೆಳಗೆ ಒಂದು ಅಂಗಿ. ಮೇಲಿಂದ ಪಂಪಿನ ಗಾಳಿ ಬರುತ್ತಿತ್ತು, ಹೆಚ್ಚಾದದ್ದು ಅಂಗಿಯ ಕೆಳಗಿನ ಅಂಚಿನಿಂದ ಗುಳ್ಳೆಯಾಗಿ ಹೋಗುತ್ತಿತ್ತು. ನೆಟ್ಟಗೆ ನಿಂತಷ್ಟು ಹೊತ್ತು ಮುಖಕ್ಕೆ ನೀರು ತಾಗುತ್ತಿರಲಿಲ್ಲ. ಇದೇ ಉಡುಪಿನಲ್ಲಿ ಜಾನ್ ಡೀನ್ 1836ರಲ್ಲಿ ಪೋರ್ಟ್ಸ್‌ಮತ್ ಬಳಿ ಮುಳುಗಿದ್ದ ಮೇರಿ ರೋಸ್ ಎಂಬ ಹಳೆಯ ಯುದ್ಧನೌಕೆಯವರೆಗೂ ಇಳಿದರು.

ಈಗ ಅದೇ ಲೋಟವನ್ನು ಸ್ವಲ್ಪ ಓರೆ ಮಾಡಿ. ಬುಡುಕ್ ಎಂದು ಗಾಳಿ ಹೊರಗೆ, ನೀರು ಒಳಗೆ. ಕೆಳಗೆ ಬಿದ್ದದ್ದನ್ನು ಎತ್ತಲು ಮುಳುಗುಗಾರ ಬಗ್ಗಿದರೆ, ಕಾಲು ಜಾರಿ ಬಿದ್ದರೆ, ಅದೇ ಗತಿ. ಸಮುದ್ರದ ತಳದಲ್ಲಿ ಬಗ್ಗದೆ ಮಾಡುವ ಕೆಲಸ ಯಾವುದಿದೆ? ಮೇಲಾಗಿ ಅಂಗಿಯ ಕೆಳಗೆ ಮೈಯೆಲ್ಲ ತಣ್ಣೀರಿನಲ್ಲೇ ಇರುತ್ತಿತ್ತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಮಲಪ್ರಭೆಯಿಂದ ಬಂದ ಆ ಮುಳುಗು ತಜ್ಞರ ಹಲ್ಲು ಏಕೆ ಕಟಕಟಿಸಿದವು ಎಂದು ಇದನ್ನು ಓದಿದಾಗ ನನಗೆ ತಿಳಿಯಿತು.

1837: ಮೈ ಮುಚ್ಚಿದ ಉಡುಪು

ಈ ತೊಂದರೆಗೆ ಉತ್ತರ ಮೊದಲು ಹೊಳೆದದ್ದು ಸೀಬ್ ಅವರಿಗೆ ಒಬ್ಬರಿಗೇ ಅಲ್ಲ. ಜಾರ್ಜ್ ಎಡ್ವರ್ಡ್ಸ್ ಎಂಬ ಇನ್ನೊಬ್ಬ ಎಂಜಿನಿಯರ್ ಶಿರಸ್ತ್ರಾಣವನ್ನು ಪೂರ್ತಿ ಮೈಯುಡುಪಿಗೆ ಕೂಡಿಸುವ ಸುಧಾರಣೆಯನ್ನು ಆಗಲೇ ಮಾಡಿದ್ದರು. ಸೀಬ್ ಅದನ್ನು ಮುಂದುವರಿಸಿ, 1837ರ ಹೊತ್ತಿಗೆ ತಮ್ಮದೇ ವಿನ್ಯಾಸ ತಯಾರಿಸಿದರು. ಹೆಸರು ಅವರದು ಉಳಿದ ಕಾರಣ, ಅವರು ಅದನ್ನು ಕೆಲಸಕ್ಕೆ ಬರುವಂತೆ, ಮತ್ತೆ ಮತ್ತೆ ಒಂದೇ ಗುಣಮಟ್ಟದಲ್ಲಿ ತಯಾರಿಸಿ ಮಾರಿದರು.

ಉಡುಪಿನ ಬಟ್ಟೆಯ ಕಥೆಯೂ ಚೆನ್ನಾಗಿದೆ. ಚಾರ್ಲ್ಸ್ ಮ್ಯಾಕಿಂಟಾಷ್ ಎಂಬವರು 1823ರಲ್ಲಿ ಎರಡು ಪದರ ಬಟ್ಟೆಯ ನಡುವೆ ರಬ್ಬರ್ ಹಚ್ಚಿ ಮಳೆಗೆ ನೆನೆಯದ ಬಟ್ಟೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರು. ನಮ್ಮ ರೇನ್‌ಕೋಟಿನ ಅಜ್ಜ ಇದೇ. ಇಂಥ ಬಟ್ಟೆಯಿಂದ ಪಾದದಿಂದ ಕುತ್ತಿಗೆಯವರೆಗೆ ಒಂದೇ ಉಡುಪು. ಕುತ್ತಿಗೆಯ ಹತ್ತಿರ ಅಂಚನ್ನು ಲೋಹದ ಎದೆಗವಚಕ್ಕೆ ಹಚ್ಚಿ, ಮೇಲೆ ಹಿತ್ತಾಳೆಯ ಪಟ್ಟಿಗಳನ್ನಿಟ್ಟು, ಬೋಲ್ಟುಗಳಿಂದ ಬಿಗಿ ಮಾಡುತ್ತಿದ್ದರು. ಮಣಿಕಟ್ಟಿನಲ್ಲಿ ರಬ್ಬರಿನ ಕಫ್. ಹೀಗೆ ತಲೆ, ಮೈ, ಕಾಲು ಎಲ್ಲ ಒಂದೇ ಗಾಳಿಯ ಕೋಣೆಯೊಳಗೆ ಬಂದವು. ಕೈ ಮಾತ್ರ ಹೊರಗೆ, ಏಕೆಂದರೆ ಕೆಲಸ ಮಾಡುವುದು ಕೈಯಲ್ಲವೇ.

ಹಳೆಯ ಅಂಗಿಯಲ್ಲಿ ಗಾಳಿ ಕೆಳಗಿನಿಂದ ತಾನೇ ಹೋಗುತ್ತಿತ್ತು. ಇದರಲ್ಲಿ ಹೋಗಲು ದಾರಿಯೇ ಇಲ್ಲ. ಅದಕ್ಕಾಗಿ ಶಿರಸ್ತ್ರಾಣದಲ್ಲಿ ಒಂದು ಕವಾಟ ಬೇಕಾಯಿತು. ಒಳಗಿನ ಗಾಳಿ ಹೊರಗೆ ಹೋಗಬೇಕು, ಹೊರಗಿನ ನೀರು ಒಳಗೆ ಬರಬಾರದು. ಕಂಚು ಎರಕದ ಮನೆಯಲ್ಲಿ ಬೆಳೆದವರಿಗೆ ಇಂಥ ಕವಾಟವನ್ನು ಕೂರಿಸುವುದು ಕೈಬಂದ ಕೆಲಸ. ಮುಳುಗುಗಾರ ಈಗ ಬಗ್ಗಬಹುದು, ಮಂಡಿಯೂರಬಹುದು, ಮಲಗಿಯೂ ಕೆಲಸ ಮಾಡಬಹುದು. ಒಳಗೆ ಉಣ್ಣೆಯ ಬಟ್ಟೆ ತೊಟ್ಟರೆ ಅದು ಒಣಗಿಯೇ ಇರುವುದರಿಂದ ಚಳಿಯೂ ಕಡಿಮೆ. ಮೇಲೆ ಭಾರವಾದ ಸೀಸದ ತೂಕಗಳು, ಸೀಸದ ಅಡಿಯ ಬೂಟುಗಳು; ಇಲ್ಲದಿದ್ದರೆ ಗಾಳಿ ತುಂಬಿದ ಉಡುಪು ಮುಳುಗುವುದೇ ಇಲ್ಲ.

ರಾಯಲ್ ಜಾರ್ಜ್ ಎಂಬ ಪರೀಕ್ಷೆ

ಹೊಸ ವಸ್ತು ಎಷ್ಟೇ ಚೆನ್ನಾಗಿದ್ದರೂ ಯಾರಾದರೂ ಅದನ್ನು ದೊಡ್ಡ ಕೆಲಸಕ್ಕೆ ಬಳಸಿ ನೋಡಬೇಕು. ಸೀಬ್ ಅವರಿಗೆ ಆ ಅವಕಾಶ ಒಂದು ದುರಂತದಿಂದ ಬಂತು. 1782ರ ಆಗಸ್ಟ್ 29ರಂದು ಪೋರ್ಟ್ಸ್‌ಮತ್ ಬಳಿ ಲಂಗರು ಹಾಕಿ ನಿಂತಿದ್ದ ರಾಯಲ್ ಜಾರ್ಜ್ ಎಂಬ 100 ತೋಪುಗಳ ಯುದ್ಧನೌಕೆ, ದುರಸ್ತಿಗೆಂದು ಓರೆ ಮಾಡಿದಾಗ ನೀರು ನುಗ್ಗಿ ಮುಳುಗಿಹೋಗಿತ್ತು. 800ಕ್ಕೂ ಹೆಚ್ಚು ಜನ ಸತ್ತರು. ನಾವಿಕರನ್ನು ನೋಡಲು ಬಂದಿದ್ದ ಹೆಂಗಸರು, ಮಕ್ಕಳೂ ಅವರಲ್ಲಿದ್ದರು. ಆ ಹಡಗಿನ ಅವಶೇಷ ಐವತ್ತು ವರ್ಷ ಕಳೆದರೂ ಅಲ್ಲೇ ಇದ್ದು, ಬರುವ ಹೋಗುವ ಹಡಗುಗಳಿಗೆ ಅಡ್ಡಿಯಾಗಿತ್ತು.

1839ರಲ್ಲಿ ಸೈನ್ಯದ ಎಂಜಿನಿಯರ್ ಕರ್ನಲ್ ಚಾರ್ಲ್ಸ್ ಪಾಸ್ಲಿ ಅವರಿಗೆ ಅದನ್ನು ತೆರವು ಮಾಡುವ ಕೆಲಸ ಸಿಕ್ಕಿತು. ಮದ್ದು ಇಟ್ಟು ಒಡೆಯುವುದು, ಮುಳುಗುಗಾರರನ್ನು ಇಳಿಸಿ ತುಂಡುಗಳಿಗೆ ಹಗ್ಗ ಕಟ್ಟಿಸುವುದು, ಮೇಲೆತ್ತುವುದು. ಆಳ ಸುಮಾರು 20 ಮೀಟರ್. 1843ರವರೆಗೆ ಈ ಕೆಲಸ ನಡೆಯಿತು. ಸಿಕ್ಕ ಕಂಚಿನ ತೋಪುಗಳ ಬೆಲೆಯೂ ಖರ್ಚಿಗೆ ಒದಗಿತು. ಪಾಸ್ಲಿ ಬೇರೆ ಬೇರೆ ಉಡುಪುಗಳನ್ನು ಹೋಲಿಸಿ ನೋಡಿದರು. ಕೊನೆಗೆ ಮೆಚ್ಚಿದ್ದು ಸೀಬ್ ಅವರ ಮುಚ್ಚಿದ ಉಡುಪನ್ನು.

ಸೀಬ್ ಅವರ ಒಂದು ಗುಣ ನನಗೆ ಇಲ್ಲಿ ಬಹಳ ಹಿಡಿಸಿತು. ಬಳಸಿದವರು ಹೇಳಿದ್ದನ್ನು ಅವರು ಕೇಳಿಸಿಕೊಂಡರು. ಮೊದಲು ಶಿರಸ್ತ್ರಾಣ ಮತ್ತು ಎದೆಗವಚ ಒಂದೇ ತುಂಡಾಗಿತ್ತು. ಮುಳುಗುಗಾರ ಸ್ವಲ್ಪ ಹೊತ್ತು ಮುಖಕ್ಕೆ ಗಾಳಿ ಬೀಸಿಕೊಳ್ಳಬೇಕೆಂದರೂ ಎಲ್ಲ ಬಿಚ್ಚಬೇಕಿತ್ತು. ಶಿರಸ್ತ್ರಾಣವನ್ನು ಬೇರೆಯಾಗಿ ತೆಗೆಯುವಂತಿರಲಿ ಎಂದು ಪಾಸ್ಲಿ ಸೂಚಿಸಿದರು. ಸೀಬ್ ಹಾಗೆಯೇ ಬದಲಿಸಿದರು. ಮುಂದೆ ಡಬ್ಬಿಯ ಮುಚ್ಚಳದಂತೆ ಸುತ್ತಿನ ಎಂಟನೇ ಒಂದು ಭಾಗ ತಿರುಗಿಸಿದರೆ ಸಾಕು, ಕೂರುವಂಥ ಜೋಡಣೆ ಬಂತು. ನಮ್ಮ ಅಂಗಡಿಯಲ್ಲಿ ಗಿರಾಕಿ ಟ್ರಯಲ್ ನೋಡಿ ಕಂಕುಳಲ್ಲಿ ಬಿಗಿ ಎಂದರೆ ಅಬ್ಬಾ ವಾದ ಮಾಡುವುದಿಲ್ಲ, ಸೀಮೆಸುಣ್ಣದಿಂದ ಗುರುತು ಹಾಕುತ್ತಾರೆ. ಎರಡೂ ಒಂದೇ ಗುಣ.

ಆ ಕೆಲಸ ಸುಖದ್ದಾಗಿರಲಿಲ್ಲ. ಒಮ್ಮೆ ಒಬ್ಬ ಸೈನಿಕನ ಗಾಳಿಯ ಕೊಳವೆ ಒಡೆದು, ಶಿರಸ್ತ್ರಾಣದ ಗಾಳಿ ಹಿಂದಕ್ಕೆ ಓಡಿತು. ಸುತ್ತಲಿನ ನೀರಿನ ಒತ್ತಡ ಅವನ ಮೈಯನ್ನು ಹಿಂಡಿತು. ಮುಖ, ಕುತ್ತಿಗೆ ಊದಿಕೊಂಡು, ರಕ್ತ ಬಂದು, ಆಸ್ಪತ್ರೆ ಸೇರಿದ. ಜೀವ ಉಳಿಯಿತು. ಕೊಳವೆ ಸೇರುವ ಜಾಗದಲ್ಲಿ ಗಾಳಿ ಹಿಂದೆ ಹೋಗದಂತೆ ತಡೆಯುವ ಕವಾಟ ಎಷ್ಟು ಮುಖ್ಯ ಎಂಬುದು ಇಂಥ ಘಟನೆಗಳಿಂದ ಎಲ್ಲರಿಗೂ ತಿಳಿಯಿತು. ಮುಳುಗುಗಾರರು ಇಬ್ಬಿಬ್ಬರಾಗಿ ಇಳಿಯಬೇಕೆಂಬ ಪದ್ಧತಿಯೂ ಪಾಸ್ಲಿಯವರ ಈ ಕೆಲಸದಲ್ಲೇ ಬೆಳೆಯಿತು. ಕೆಲಸ ಮಾಡಿದವರನ್ನು ಕೀಲುನೋವು ಕಾಡಿತು. ಅದು ಚಳಿಯಿಂದ ಬಂದದ್ದು ಎಂದು ಆಗ ತಿಳಿದಿದ್ದರು.

ಬಿಗಿಯೂ ಅಲ್ಲ, ಸಡಿಲವೂ ಅಲ್ಲ

ಇಲ್ಲಿಯವರೆಗೆ ಓದಿದ ಮೇಲೆ ನನ್ನ ಗಮನ ಅಳತೆಯ ಕಡೆ ಹೋಯಿತು. ಸೀಬ್ ಅವರ ಮಾದರಿಯ ಉಡುಪುಗಳು ಒಬ್ಬೊಬ್ಬರ ಮೈಗೆ ಹೊಲಿದವಲ್ಲ. ಕೆಲವೇ ಅಳತೆಗಳಲ್ಲಿ ದೊಗಳೆಯಾಗಿ ಬರುತ್ತಿದ್ದವು, ಒಳಗೆ ಉಣ್ಣೆಯ ಬಟ್ಟೆ ಹಿಡಿಸಬೇಕಲ್ಲ. ಆದರೆ ದೊಗಳೆ ಬಟ್ಟೆ ಎಂದರೆ ಗಾಳಿ ಸೇರಲು ಜಾಗ. ಮುಳುಗುಗಾರ ಓರೆಯಾದಾಗ ಗಾಳಿ ಕಾಲಿನ ಕಡೆ ಓಡಿದರೆ, ಕಾಲುಗಳು ಬಲೂನಿನಂತೆ ಉಬ್ಬಿ, ತಲೆ ಕೆಳಗಾಗಿ, ಹೊರಗೆ ಹೋಗುವ ಕವಾಟವೂ ಕೈಗೆಟುಕದೆ, ಮನುಷ್ಯ ತಡೆಯಿಲ್ಲದೆ ಮೇಲಕ್ಕೆ ಚಿಮ್ಮುತ್ತಾನೆ. ಅದಕ್ಕಾಗಿ ಮುಂದಿನ ಉಡುಪುಗಳಲ್ಲಿ ಕಾಲಿನ ಹಿಂಭಾಗಕ್ಕೆ ಬೂಟಿನಂತೆ ಲಾಡಿ ಹಾಕಿ ಬಿಗಿಯುವ ವ್ಯವಸ್ಥೆ ಬಂತು. ಮಣಿಕಟ್ಟು ಸಣ್ಣದಿದ್ದವರು ಕಫಿನ ಮೇಲೆ ರಬ್ಬರಿನ ಬಳೆ ಹಾಕಿಕೊಳ್ಳುತ್ತಿದ್ದರು. ಕೈ ಒಳಗೆ ಹೋಗದಿದ್ದರೆ ಸಾಬೂನು ಹಚ್ಚುತ್ತಿದ್ದರು.

ಇಂದಿನ ಡ್ರೈ ಸೂಟಿಗೆ ತಾಮ್ರದ ಶಿರಸ್ತ್ರಾಣ ಇಲ್ಲ. ಆದರೆ ನಿಯಮ ಅದೇ. ಭೌತಶಾಸ್ತ್ರ ಓದುವ ಗೆಳೆಯ ಬಾಯ್ಲ್ ನಿಯಮವನ್ನು ನನಗೆ ಬಿಡಿಸಿ ಹೇಳಿದ. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ, ಸೂಟಿನೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಆಗ ಬಟ್ಟೆಯ ಮಡಿಕೆಗಳು ಚರ್ಮವನ್ನು ಚಿವುಟುತ್ತವೆ. ಅದಕ್ಕೆ ಎದೆಯ ಮೇಲಿನ ಗುಂಡಿ ಒತ್ತಿ ಸ್ವಲ್ಪ ಗಾಳಿ ಬಿಟ್ಟುಕೊಳ್ಳಬೇಕು. ಮೇಲೆ ಬರುವಾಗ ಅದು ಹಿಗ್ಗುತ್ತದೆ, ತೋಳಿನ ಮೇಲಿನ ಕವಾಟದಿಂದ ಹೊರಗೆ ಬಿಡಬೇಕು. ಸೂಟು ಬಹಳ ಬಿಗಿಯಾದರೆ ಒಳಗೆ ಬೆಚ್ಚನೆಯ ಬಟ್ಟೆ ಹಿಡಿಸುವುದಿಲ್ಲ, ಬೆನ್ನ ಹಿಂದಿನ ಸಿಲಿಂಡರಿನ ಗುಂಡಿಗೆ ಕೈ ಹೋಗುವುದಿಲ್ಲ. ಬಹಳ ಸಡಿಲವಾದರೆ ಗಾಳಿ ಒಳಗೆ ಓಡಾಡುತ್ತದೆ. ಕಾಲಿನ ಅಳತೆ ದೊಡ್ಡದಾದರೆ ಪಾದ ಬೂಟಿನಿಂದ ಜಾರಿ ಬರುತ್ತದೆ. ಆದ್ದರಿಂದ ಒಳಬಟ್ಟೆ ತೊಟ್ಟೇ ಸೂಟು ಹಾಕಿ ನೋಡಬೇಕು. ಕುಕ್ಕರಗಾಲಲ್ಲಿ ಕುಳಿತು ನೋಡಬೇಕು, ಎರಡೂ ಕೈ ಮೇಲೆತ್ತಬೇಕು, ತನ್ನನ್ನು ತಾನೇ ತಬ್ಬಿಕೊಳ್ಳಬೇಕು. ಎಲ್ಲೂ ಎಳೆಯಬಾರದು.

ಎಲ್ಲಕ್ಕಿಂತ ಸೂಕ್ಷ್ಮ ಕುತ್ತಿಗೆ. ಅಲ್ಲಿ ತೆಳು ರಬ್ಬರಿನ ಪಟ್ಟಿ ಚರ್ಮಕ್ಕೇ ಅಂಟಿ ಕೂರುತ್ತದೆ. ಬಹಳ ಬಿಗಿಯಾದರೆ ಕುತ್ತಿಗೆಯ ಎರಡೂ ಬದಿಯ ರಕ್ತನಾಳಗಳನ್ನು ಒತ್ತಿ ತಲೆ ಸುತ್ತಿ ಎಚ್ಚರ ತಪ್ಪಬಹುದು. ಸಡಿಲವಾದರೆ ತಣ್ಣೀರು ಒಳಗೆ. ಬಿಗಿಯಾದ ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ ಸರಿ ಮಾಡಬಹುದು. ಸಡಿಲವಾದದ್ದನ್ನು ಬಿಗಿ ಮಾಡಲು ಬರುವುದಿಲ್ಲ.

ಇದನ್ನು ಓದುವಾಗ ನನ್ನ ಕೈ ನಿಂತುಹೋಯಿತು. ಅಬ್ಬಾ ಯಾರ ಕುತ್ತಿಗೆ ಅಳೆದರೂ ಟೇಪಿನೊಳಗೆ ಎರಡು ಬೆರಳು ಇಟ್ಟೇ ಅಳೆಯುತ್ತಾರೆ. ಶರ್ಟಿನ ಕಾಲರ್ ಉಸಿರು ಕಟ್ಟಬಾರದಲ್ಲ, ಅದಕ್ಕೆ. ಮಣಿಕಟ್ಟಿಗೂ ಒಂದು ಬೆರಳು. ಅದು ಅವರ ಮೂವತ್ತು ವರ್ಷದ ರೂಢಿ, ಗಿರಾಕಿಯ ಮೇಲಿನ ಕಾಳಜಿ. ಭಾಯಿಜಾನ್ ಅವರ ಪಟ್ಟಿಗೂ ಅದೇ ಅಳತೆ ಹೋಗಿತ್ತು. ಬರೆದವನು ನಾನು. ಪಟ್ಟಿಯ ಮೇಲೆ ಬರಿಯ ಮೈಯ ಅಳತೆ ಕೊಡಿ ಎಂದು ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದನ್ನು ಓದದೆ ಬಿಟ್ಟವನೂ ನಾನೇ.

ಅಬ್ಬಾ ಅವರಿಗೆ ಹೇಳಲು ಬಹಳ ಕಷ್ಟವಾಯಿತು. ನಗರದ ಎಷ್ಟೋ ಮದುಮಕ್ಕಳಿಗೆ ಅವರು ಅಳತೆ ತೆಗೆದವರು. ರಾತ್ರಿ ಊಟದ ನಂತರ ಮೆಲ್ಲಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮರುದಿನ ಬೆಳಿಗ್ಗೆ ಫಜರ್ ನಮಾಜ್ ಮುಗಿಸಿ ಬಂದವರೇ, ಅಂಗಡಿ ತೆರೆಯುವ ಮೊದಲು ಟೇಪು ಜೇಬಿಗೆ ಹಾಕಿಕೊಂಡು ನನ್ನನ್ನು ಕರೆದುಕೊಂಡು ಖಾನಾಪುರದ ಬಸ್ಸು ಹತ್ತಿದರು. ಖಾಲಾ ಮನೆಯ ಅಂಗಳದಲ್ಲಿ ಭಾಯಿಜಾನ್ ಅವರ ಕುತ್ತಿಗೆಯನ್ನು ಬೆರಳಿಡದೆ ಮೂರು ಸಲ ಅಳೆದರು. ಮೂರೂ ಸಲ ಒಂದೇ ಸಂಖ್ಯೆ ಬಂದ ಮೇಲೆ ನನಗೆ ಬರೆಯಲು ಹೇಳಿದರು. ಮಣಿಕಟ್ಟನ್ನೂ ಹಾಗೆಯೇ. ಸೂಟು ಕತ್ತರಿಸುವ ಮೊದಲೇ ಹೊಸ ಪಟ್ಟಿ ಅವರಿಗೆ ತಲುಪಿತು. ಅದನ್ನು ತಿಳಿಸುವ ಉತ್ತರವೂ ಬಂತು.

ಕೊನೆಯ ವರ್ಷಗಳು

ಸೀಬ್ ಅವರಿಗೆ ತಮ್ಮ ಜೀವಿತದಲ್ಲೇ ಮನ್ನಣೆ ಸಿಕ್ಕಿತು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿಯೂ, 1855ರ ಪ್ಯಾರಿಸ್ ಪ್ರದರ್ಶನದಲ್ಲಿಯೂ ಅವರಿಗೆ ಪದಕಗಳು ಬಂದವು. ಬ್ರಿಟಿಷ್ ನೌಕಾಪಡೆ ಅವರ ಉಡುಪನ್ನು ಬಳಸಿತು. ಸೇತುವೆಯ ಕಂಬ, ಬಂದರಿನ ಗೋಡೆ, ಮುಳುಗಿದ ಹಡಗು, ಎಲ್ಲಿ ನೀರಿನಡಿ ಕೆಲಸವಿದ್ದರೂ ಅದೇ ಮಾದರಿ ಹೋಯಿತು. ವಯಸ್ಸಾದ ಮೇಲೆ ಕಾರ್ಖಾನೆಯನ್ನು ಮಗ ಹೆನ್ರಿ ಮತ್ತು ಅಳಿಯ ಗೋರ್ಮನ್ ಅವರ ಕೈಗೆ ಒಪ್ಪಿಸಿದರು. ಆ ಸಂಸ್ಥೆ ಮುಂದೆ ಸೀಬ್ ಗೋರ್ಮನ್ ಎಂಬ ಹೆಸರಿನಿಂದ ಬಹಳ ವರ್ಷ ಉಸಿರಾಟದ ಉಪಕರಣಗಳಿಗೆ ಹೆಸರಾಯಿತು. ಗಣಿಯೊಳಗೆ, ಹೊಗೆಯೊಳಗೆ ಹೋಗುವವರಿಗೂ ಉಪಕರಣ ಮಾಡಿತು. ಹೊಗೆಯಿಂದ ನೀರಿಗೆ ಬಂದ ವಿದ್ಯೆ ಹೀಗೆ ಮತ್ತೆ ಹೊಗೆಗೆ ಮರಳಿತು.

1872ರ ಏಪ್ರಿಲ್ 15ರಂದು ಸೀಬ್ ಲಂಡನ್ನಿನಲ್ಲಿ ತೀರಿಕೊಂಡರು. ವಯಸ್ಸು ಎಂಬತ್ತು ದಾಟಿತ್ತು. ಪಾಸ್ಲಿಯವರ ಜನರಿಗೆ ಬಂದ ಕೀಲುನೋವಿನ ನಿಜವಾದ ಕಾರಣ ಅವರಿಗೆ ತಿಳಿಯಲಿಲ್ಲ. 1878ರಲ್ಲಿ ಫ್ರಾನ್ಸಿನ ಪಾಲ್ ಬರ್ಟ್ ಅದು ರಕ್ತದಲ್ಲಿ ಏಳುವ ಸಾರಜನಕದ ಗುಳ್ಳೆಗಳಿಂದ ಎಂದು ತೋರಿಸಿದರು. 1908ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳ ಮೇಲೆ ಪ್ರಯೋಗ ಮಾಡಿ, ಎಷ್ಟು ಆಳದಿಂದ ಎಷ್ಟು ನಿಧಾನ ಮೇಲೆ ಬರಬೇಕು ಎಂಬ ಪಟ್ಟಿಯನ್ನು ಪ್ರಕಟಿಸಿದರು. ಉಡುಪು ಎಷ್ಟೇ ಸರಿಯಾಗಿ ಕೂತರೂ ಆ ಪಟ್ಟಿ ಮೀರಿದರೆ ಅಪಾಯವೇ. ಲಂಡನ್ನಿನ ಡೆನ್ಮಾರ್ಕ್ ರಸ್ತೆಯ ಮನೆಯ ಮೇಲೆ ಸೀಬ್ ಅವರ ಹೆಸರಿನ ನೀಲಿ ಫಲಕ ಇಂದಿಗೂ ಇದೆ.

ನಮ್ಮ ರಾಜ್ಯದಲ್ಲಿ ಡ್ರೈ ಸೂಟ್ ನೋಡುವುದು ಅಪರೂಪ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡುವವರಿಗೆ ಅದು ಬೇಕಿಲ್ಲ, ಅರಬ್ಬಿ ಸಮುದ್ರ ಬೆಚ್ಚಗಿದೆ. ಆದರೆ ಬೆಚ್ಚಗಿದ್ದರೂ ನೀರಿನಡಿಯ ಕೆಲಸ ಸುಲಭವಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ತುಂಬಿ ಹರಿಯುವ ಗಂಗಾವಳಿಯಲ್ಲಿ ಮಲ್ಪೆಯ ಈಶ್ವರ್ ಅವರಂಥ ಮುಳುಗು ತಜ್ಞರೂ ನೌಕಾಪಡೆಯವರೂ ಹುಡುಕಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಕಾಣೆಯಾದ ಲಾರಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ನದಿಯಲ್ಲಿ ಇಳಿಯುವವರ ಮೈಮೇಲೆ ಏನಿದೆ ಎಂದು ಆಗ ನಾನು ನೋಡಿರಲಿಲ್ಲ. ಈಗ ಮೊದಲು ಅದನ್ನೇ ನೋಡುತ್ತೇನೆ.

ಭಾಯಿಜಾನ್ ಹೋಗಿ ಎರಡು ತಿಂಗಳಾಯಿತು. ಮೊದಲ ಸಲ ನೀರಿಗಿಳಿದ ದಿನ ಖಾಲಾ ಅವರಿಗೆ ವಿಡಿಯೊ ಕರೆ ಮಾಡಿದ್ದರು. ಖಾಲಾ ಬೇರೆ ಏನನ್ನೂ ಕೇಳಲಿಲ್ಲವಂತೆ. ಒಳಗಿನ ಬನಿಯನ್ನು ಒಣಗಿದೆಯೋ ಇಲ್ಲವೋ ತೋರಿಸು ಎಂದರಂತೆ. ಅವರು ಕುತ್ತಿಗೆಯ ಪಟ್ಟಿ ಎಳೆದು ತೋರಿಸಿದರು. ಒಣಗಿತ್ತು. ಅಂದು ಸಂಜೆ ಅಂಗಡಿಯಲ್ಲಿ ಈ ಸುದ್ದಿ ಹೇಳಿದಾಗ ಅಬ್ಬಾ ತಲೆಯೆತ್ತದೆ ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದರು. ಆದರೆ ಮುಂದಿನ ಗಿರಾಕಿಯ ಅಳತೆ ಬರೆಯುವಾಗ ಒಂದು ಹೊಸ ಮಾತು ಹೇಳಿದರು. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಎಷ್ಟು ಬೆರಳು ಸಡಿಲ ಬಿಟ್ಟಿದ್ದೇವೆ ಎಂದೂ ಬರೆಯಬೇಕಂತೆ. ಈಗ ನಮ್ಮ ಅಳತೆ ಪುಸ್ತಕದಲ್ಲಿ ಅದಕ್ಕೊಂದು ಬೇರೆ ಕಾಲಂ ಇದೆ.



— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ